ನಿಷಿಧಿಗಲ್ಲು ಹೇಳದ ಮಾತು: ದೀರ್ಘವೇದನೆಯೂ ಜೈನ ಸಾಹಿತ್ಯವೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಜೈನ ಶಾಸನಗಳ ದೃಷ್ಟಿಯಿಂದ ಬಹು ಸಂಪನ್ನವಾದ ಪ್ರದೇಶ. ಪ್ರಾಚೀನ ಬನವಾಸಿ ಹನ್ನೆರಡು ಸಾವಿರ ನಾಡಿಗೆ ಸೇರಿದ್ದ ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಪ್ರಕಟಿಸಿದರು. ಬಂದಳಿಕೆ, ಉದ್ರಿ, ಕುಪ್ಪಟೂರು, ಹಿರೇ ಆವಲಿ ಎಂಬ ಊರುಗಳ ಹೆಸರು ಜೈನ ಇತಿಹಾಸವನ್ನು ಓದಿದವರಿಗೆ ಹೊಸದಲ್ಲ. ಅದರಲ್ಲಿಯೂ ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿ ಊರಿನ ಪ್ರಭುಮನೆತನದ ಗೌಡರ ಹಾಗೂ ಗೌಡಿಯರ ನಿಷಿಧಿಗಲ್ಲುಗಳು ಸಾಲುಸಾಲಾಗಿ ದೊರೆತಿವೆ. ಅವುಗಳ ಬರಹ ಬಹುಮಟ್ಟಿಗೆ ಒಂದೇ ಕ್ರಮದ್ದು: ತಿಥಿ, ವಾರ, ಗುರುವಿನ ಹೆಸರು, ಪಂಚನಮಸ್ಕಾರ, ಸಮಾಧಿವಿಧಿ, ಸ್ವರ್ಗಪ್ರಾಪ್ತಿ. ತೀರಿಕೊಂಡವರಿಗೆ ಇದ್ದ ಕಾಯಿಲೆ ಯಾವುದು, ಅವರು ಎಷ್ಟು ಕಾಲ ಹಾಸಿಗೆಯಲ್ಲಿದ್ದರು, ಅವರನ್ನು ಉಪಚರಿಸಿದವರು ಯಾರು ಎಂಬುದು ಈ ಕಲ್ಲುಗಳಿಗೆ ವಿಷಯವಲ್ಲ.

ಕಲ್ಲಿನ ಮೌನ ಸಹಜ. ಸ್ಮಾರಕವು ಮರಣದ ಮಹತ್ತ್ವವನ್ನು ಸಾರುವುದಕ್ಕಾಗಿ ಹುಟ್ಟಿದುದು, ಬದುಕಿನ ವರದಿಗಾಗಿ ಅಲ್ಲ. ಆದರೆ ಕಾಲಾಂತರದಲ್ಲಿ ಆ ಮೌನವೇ ಉಪದೇಶವೆಂಬಂತೆ ಸಮಾಜದಲ್ಲಿ ಬಳಕೆಯಾಗುತ್ತಿದೆ. ಸಂಧಿವಾತದಿಂದ ಬೆರಳು ಸೊಟ್ಟಗಾದ ವೃದ್ಧೆ, ಸರ್ಪಸುತ್ತು ಮಾಸಿದ ಮೇಲೂ ಆರದ ಉರಿಯಿಂದ ನಿದ್ದೆಗೆಟ್ಟ ಯಜಮಾನ, ಬೆನ್ನುನೋವಿನಿಂದ ಅಂಗಡಿಯ ಗದ್ದುಗೆಯಲ್ಲಿ ಕೂರಲಾರದ ವ್ಯಾಪಾರಿ, ಇವರೆಲ್ಲರಿಗೂ ದೊರೆಯುವ ಮಾತು ಒಂದೇ: “ಇದು ಅಸಾತಾ ವೇದನೀಯದ ಉದಯ. ಸಹಿಸಿಕೊಳ್ಳಿ, ಕರ್ಮ ಕಳೆಯುತ್ತದೆ.” ಈ ಮಾತಿಗೆ ಆಧಾರವಾಗಿ ಪ್ರವಚನಗಳಲ್ಲಿ ಉಲ್ಲೇಖಗೊಳ್ಳುವುದು ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ ಮತ್ತು ವಡ್ಡಾರಾಧನೆಯ ಸನತ್ಕುಮಾರನ ಕಥೆ. ಇವೆರಡೂ ನಿಜವಾಗಿ ಆ ಮಾತನ್ನೇ ಹೇಳುತ್ತವೆಯೇ ಎಂಬುದು ವಿಮರ್ಶೆಗೆ ಯೋಗ್ಯವಾದ ಪ್ರಶ್ನೆ.

ಜಕ್ಕಿಯಬ್ಬೆಯ ಶಾಸನ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಪ್ರಾಚೀನ ಜೈನತೀರ್ಥ. ಅಲ್ಲಿಯ ಶಾಂತಿನಾಥ ಬಸದಿ ಇಂದು ಭಗ್ನಾವಸ್ಥೆಯಲ್ಲಿದೆ. ಹತ್ತನೆಯ ಶತಮಾನದ ಆದಿಭಾಗದ, ರಾಷ್ಟ್ರಕೂಟರ ಕಾಲದ ಶಾಸನವೊಂದು ಅಲ್ಲಿ ದೊರೆತಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ತೀರಿಕೊಂಡ ಮೇಲೆ ಆ ಪದವಿ ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಸ್ತ್ರೀಯಾದರೂ ಆಕೆ ನಾಡನ್ನು ಸಮರ್ಥವಾಗಿ ಆಳಿದಳು. ಮುಂದೆ ದೇಹವನ್ನು ವ್ಯಾಧಿ ಆಕ್ರಮಿಸಿದಾಗ ಮಗಳನ್ನು ಕರೆಸಿ, ತನ್ನದೆಲ್ಲವನ್ನೂ ಆಕೆಗೆ ಒಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು.

ಶಾಸನಕಾರನ ಕೌಶಲ ಮೆಚ್ಚತಕ್ಕದ್ದು. ಆಕೆಯ ಆಡಳಿತ, ಜಿನಭಕ್ತಿ, ನಿರ್ಧಾರ, ಹಸ್ತಾಂತರ, ಯಾತ್ರೆ, ವ್ರತ ಇವೆಲ್ಲವೂ ಒಂದಾದ ಮೇಲೊಂದು ಕ್ರಮವಾಗಿ ಬರುತ್ತವೆ. ವ್ಯಾಧಿಗೆ ಮಾತ್ರ ದೊರೆತಿರುವುದು ಒಂದೆರಡು ಪದ. ಈ ಶಾಸನವನ್ನು ಎತ್ತಿ ಹೇಳುವವರು ಸಾಮಾನ್ಯವಾಗಿ ಮೊದಲನೆಯ ಮತ್ತು ಕೊನೆಯ ಸಂಗತಿಗಳನ್ನು ಜೋಡಿಸಿಬಿಡುತ್ತಾರೆ: ವ್ಯಾಧಿ ಬಂದಿತು, ಸಲ್ಲೇಖನ ಸ್ವೀಕರಿಸಿದಳು. ನಡುವೆ ಇರುವ ಸಂಗತಿ ಅವರ ಕಣ್ಣಿಗೆ ಬೀಳುವುದಿಲ್ಲ. ಆಕೆ ಮೊದಲು ಮಾಡಿದ ಕಾರ್ಯ ಮಗಳನ್ನು ಕರೆಸಿದುದು. ಹೊಣೆಯನ್ನು ಹೊತ್ತಿದ್ದ ಹೆಂಗಸು ತನ್ನ ದೇಹಸ್ಥಿತಿಯನ್ನು ಬಚ್ಚಿಡಲಿಲ್ಲ. ಅದನ್ನು ಅರಿತು, ಮನೆಯವರಿಗೆ ತಿಳಿಸಿ, ಭಾರವನ್ನು ಇಳಿಸಿಕೊಂಡಳು. ನೋವನ್ನು ಯಾರಿಗೂ ಹೇಳದೆ ನುಂಗುವುದೇ ಧರ್ಮವೆಂದು ತಿಳಿದವರಿಗೆ ಈ ಶಾಸನ ಸಾಕ್ಷಿ ನುಡಿಯುವುದಿಲ್ಲ.

ಇನ್ನೊಂದು ಭೇದವನ್ನೂ ಗಮನಿಸಬೇಕು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳೆಂದು ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗಗಳನ್ನು ಎಣಿಸುವಾಗ ‘ನಿಷ್ಪ್ರತೀಕಾರ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಪ್ರತೀಕಾರ ಸಾಧ್ಯವಿಲ್ಲದ್ದು ಎಂದು ಇದರ ಅರ್ಥ. ಪರಿಹಾರವನ್ನು ಹುಡುಕಿ ನೋಡದವನಿಗೆ ಅದು ನಿಷ್ಪ್ರತೀಕಾರವೆಂದು ನಿರ್ಣಯಿಸುವ ಅಧಿಕಾರವಿಲ್ಲ. ಮರಣವನ್ನು ಬಯಸುವುದು, ಎಂದರೆ ಮರಣಾಶಂಸೆ, ಸಲ್ಲೇಖನದ ಐದು ಅತಿಚಾರಗಳಲ್ಲಿ ಒಂದು ಎಂಬುದನ್ನೂ ಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ಇಡೀ ಸಮಾಜ ಬೀದಿಗಿಳಿಯಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಲ್ಲೇಖನ ಬೇರೆ, ಆತ್ಮಹತ್ಯೆ ಬೇರೆ ಎಂಬ ಸಮಾಜದ ವಾದ ಸರಿಯಾದುದೇ. ಆದರೆ ನೋವಿಗೆ ಔಷಧವಿಲ್ಲದೆ, ಮಾತನಾಡಿಸುವವರಿಲ್ಲದೆ ಬೇಸತ್ತವರು ಸಾವನ್ನು ಹಂಬಲಿಸುವ ಸ್ಥಿತಿಯನ್ನು ಮನೆಯೇ ಉಂಟುಮಾಡಿದರೆ ಆ ವಾದದ ಬುನಾದಿ ಕುಸಿಯುತ್ತದೆ.

ಸನತ್ಕುಮಾರನ ಕಥೆ

ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ಕನ್ನಡಿಗರಿಗೆ ಸುಲಭವಾಗಿ ದೊರೆತ ವಡ್ಡಾರಾಧನೆಯಲ್ಲಿ ಹತ್ತೊಂಬತ್ತು ಕಥೆಗಳಿವೆ. ಸುಕುಮಾರಸ್ವಾಮಿಯನ್ನು ನರಿ ತಿಂದಿತು, ಗಜಕುಮಾರ ಮೊದಲಾದವರು ಶತ್ರುಗಳ ಕ್ರೌರ್ಯಕ್ಕೆ ಈಡಾದರು. ಈ ಕಥೆಗಳಲ್ಲಿ ವೇದನೆ ಭೀಕರ, ಆದರೆ ಅದಕ್ಕೆ ಅಂತ್ಯವುಂಟು. ಸನತ್ಕುಮಾರ ಚಕ್ರವರ್ತಿಯ ಕಥೆ ಇವುಗಳ ನಡುವೆ ಭಿನ್ನವಾದುದು. ದೇವತೆಗಳೂ ಬಂದು ನೋಡುವಂತಹ ರೂಪವಿದ್ದ ಚಕ್ರವರ್ತಿ ರೂಪದ ಅಸ್ಥಿರತೆಯನ್ನು ಕಂಡು ದೀಕ್ಷೆ ಪಡೆಯುತ್ತಾನೆ. ಅನಂತರ ತುರಿ, ಜ್ವರ, ಕೆಮ್ಮು, ಕಣ್ಣುನೋವು, ಹೊಟ್ಟೆನೋವು ಮೊದಲಾದ ಅನೇಕ ವ್ಯಾಧಿಗಳು ಅವನನ್ನು ಆವರಿಸುತ್ತವೆ. ಅವನು ಅವನ್ನು ಬಹು ದೀರ್ಘಕಾಲ ಸಹಿಸುತ್ತಾನೆ. ವೈದ್ಯರ ವೇಷದಲ್ಲಿ ಬಂದ ದೇವತೆಗಳು ಚಿಕಿತ್ಸೆ ಮಾಡುವೆವೆಂದಾಗ, ಹುಟ್ಟುಸಾವುಗಳ ವ್ಯಾಧಿಯನ್ನು ವಾಸಿಮಾಡಬಲ್ಲಿರಾ ಎಂದು ಕೇಳಿ ಅವರನ್ನು ನಿರುತ್ತರಗೊಳಿಸುತ್ತಾನೆ.

ಕನ್ನಡದ ಆದಿಗದ್ಯವು ದೀರ್ಘರೋಗವನ್ನು ಕಥಾವಸ್ತುವಾಗಿ ಸ್ವೀಕರಿಸಿತೆಂಬುದೇ ದೊಡ್ಡ ಸಂಗತಿ. ಆದರೆ ಈ ಕಥೆಯನ್ನು ಗೃಹಸ್ಥನಿಗೆ ನೇರವಾಗಿ ಅನ್ವಯಿಸುವುದು ವಿವೇಕವಲ್ಲ. ಸನತ್ಕುಮಾರನು ಮಹಾವ್ರತಿ. ಅವನ ಕಫವೇ ಔಷಧವಾಗುವಷ್ಟು ಋದ್ಧಿ ಅವನಿಗಿತ್ತೆಂದು ಪರಂಪರೆ ಹೇಳುತ್ತದೆ. ವಾಸಿಮಾಡಿಕೊಳ್ಳಬಲ್ಲವನು ಬೇಡವೆಂದುದು ತ್ಯಾಗ. ವಾಸಿಮಾಡಿಕೊಳ್ಳಲು ಹಣವಿಲ್ಲದವಳಿಗೆ, ಕೇಳಲು ಸಂಕೋಚಪಡುವವಳಿಗೆ ಪಕ್ಕದಲ್ಲಿ ನಿಂತವರು ಬೇಡವೆನ್ನುವುದು ತ್ಯಾಗವಾಗಲಾರದು. ತನ್ನ ಸಹನೆಯನ್ನು ಕುರಿತು ಮುನಿ ಆಡಿದ ಮಾತನ್ನು ಕಸಿದು ಮತ್ತೊಬ್ಬರ ನೋವಿನ ಮೇಲೆ ಹೇರಿದಾಗ ಅದರ ಅರ್ಥವೇ ಬದಲಾಗುತ್ತದೆ. ಜೊತೆಗೆ ಆ ಪ್ರಶ್ನೆಯಲ್ಲಿ ವೈದ್ಯಕ್ಕೆ ತಿರಸ್ಕಾರವೂ ಇಲ್ಲ. ಔಷಧ ತಲುಪುವ ಎಲ್ಲೆ ಎಲ್ಲಿಯವರೆಗೆ ಎಂಬುದಷ್ಟೇ ಅಲ್ಲಿನ ವಿಚಾರ.

ಗುರು ನಿರಾಕರಿಸಿದ ಅನುಮತಿ

ಇದೇ ವಿಷಯಕ್ಕೆ ಇನ್ನೂ ಸಮೀಪವಾದ ಕಥೆ ಸಮಂತಭದ್ರರದೇ. ಅವರಿಗೆ ಭಸ್ಮಕವ್ಯಾಧಿ ಬಂದಿತು. ಎಷ್ಟು ಉಂಡರೂ ತೀರದ ಹಸಿವಿನ ಬಾಧೆ ಅದು. ಮುನಿಚರ್ಯೆಯಲ್ಲಿ ಅದನ್ನು ತಣಿಸುವುದು ಅಸಾಧ್ಯವೆಂದು ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆಯೆಂದು ಅರಿತು, ದೀಕ್ಷೆಯನ್ನು ತಾತ್ಕಾಲಿಕವಾಗಿ ಬಿಟ್ಟು, ಯಾವ ವೇಷದಲ್ಲಾದರೂ ಸರಿ, ಆಹಾರದಿಂದ ರೋಗವನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. 19ನೆಯ ಶತಮಾನದ ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಈ ವೃತ್ತಾಂತವಿದೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯೂ (ಸುಮಾರು 1129) ಭಸ್ಮಕವನ್ನು ಅವರು ಗೆದ್ದುದನ್ನು ಸ್ಮರಿಸುತ್ತದೆ.

ಇದನ್ನು ಚಮತ್ಕಾರದ ಕಥೆಯಾಗಿ ಓದುವುದೇ ರೂಢಿ. ವಾಸ್ತವವಾಗಿ ಇದು ಗುರುವಿನ ವಿವೇಕದ ಕಥೆ. ವ್ರತವನ್ನು ಪಾಲಿಸುವ ದೇಹ ಉಳಿಯಲಿ ಎಂಬುದಕ್ಕಾಗಿ ವ್ರತವನ್ನೇ ಕೆಲಕಾಲ ಸಡಿಲಿಸಿದ ನಿರ್ಣಯ ಇಲ್ಲಿದೆ. ‘ನಿಷ್ಪ್ರತೀಕಾರ’ ಎಂಬ ಪದವನ್ನು ಬಳಸಿದ ಆಚಾರ್ಯರ ಜೀವನಕಥೆಯಲ್ಲಿಯೇ ಆ ಪದದ ವ್ಯಾಖ್ಯಾನ ದೊರೆಯುತ್ತದೆ.

ಔಷಧವನ್ನು ಜೈನರು ಎಂದೂ ಕೀಳಾಗಿ ಕಂಡವರಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಜೇನುಗಳಿಲ್ಲದ ಚಿಕಿತ್ಸೆಯನ್ನು ‘ಕಲ್ಯಾಣಕಾರಕ’ದಲ್ಲಿ ವಿವರಿಸಿದರು. ಅಹಿಂಸೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ವೈದ್ಯವನ್ನು ಬಿಡಲಿಲ್ಲ, ವೈದ್ಯವನ್ನೇ ತಿದ್ದಿದರು. ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಕನ್ನಡದಲ್ಲಿಯೇ ಜೈನರು ರಚಿಸಿದ ವೈದ್ಯಗ್ರಂಥಗಳು. ಮೂಕಪ್ರಾಣಿಯ ನೋವಿಗೂ ಶಾಸ್ತ್ರ ಬರೆದ ಪರಂಪರೆಗೆ ಸೇರಿದವರು ಮನೆಯ ಹಿರಿಯರ ಮಂಡಿನೋವನ್ನು ಉಪೇಕ್ಷಿಸುವುದು ವಿಪರ್ಯಾಸ.

ರೋಗ ಬೇರೆ, ಅರತಿ ಬೇರೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ಪರೀಷಹಗಳನ್ನು ಹೇಳಿದೆ. ಅದರಲ್ಲಿ ಅರತಿ ಏಳನೆಯದು, ರೋಗ ಹದಿನಾರನೆಯದು. ರೋಗಪರೀಷಹ ವೇದನೀಯಕರ್ಮದಿಂದ ಉಂಟಾಗುತ್ತದೆ. ಅರತಿ, ಎಂದರೆ ಯಾವುದರಲ್ಲಿಯೂ ಮನಸ್ಸು ನೆಲೆಗೊಳ್ಳದ ಬೇಸರ, ಚಾರಿತ್ರಮೋಹನೀಯದಿಂದ ಉಂಟಾಗುತ್ತದೆ. ಕಾರಣಗಳು ಬೇರೆ ಬೇರೆಯಾದುದರಿಂದ ಉಪಾಯಗಳೂ ಬೇರೆ ಬೇರೆ. ಕೀಲಿನ ಉರಿತಕ್ಕೆ ಔಷಧ ಬೇಕು, ಹತಾಶೆಗೆ ಸ್ವಾಧ್ಯಾಯ, ಸತ್ಸಂಗ, ಸಾಮಾಯಿಕಗಳು ಬೇಕು. ಒಂದನ್ನು ಕೊಟ್ಟು ಇನ್ನೊಂದು ವಾಸಿಯಾಗಲೆಂದು ಕಾಯುವುದು ಒಬ್ಬನ ಜಮೆಯನ್ನು ಇನ್ನೊಬ್ಬನ ಖಾತೆಗೆ ಬರೆದಂತೆ.

ಆಧುನಿಕ ವೈದ್ಯವೂ ಇಂದು ಇದೇ ದಿಕ್ಕಿನಲ್ಲಿ ಬಂದಿದೆ. ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವೆಂದು ಪರಿಗಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಗಾಯ ಮಾಸಿದ ಮೇಲೂ ನರವ್ಯೂಹ ನೋವಿನ ಸಂದೇಶವನ್ನು ಕಳುಹಿಸುತ್ತಲೇ ಇರಬಹುದು. ಆದುದರಿಂದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂಬ ಕಾರಣಕ್ಕೆ ನೋವು ಸುಳ್ಳಾಗುವುದಿಲ್ಲ. ನಿದ್ರೆ, ಹದವರಿತ ಚಲನೆ, ಔಷಧ, ಮನಸ್ಸಿನ ಸಮಾಧಾನ, ಮನೆಯವರ ಸಹಕಾರ ಇವೆಲ್ಲವೂ ಕೂಡಿದಾಗ ನೋವು ಪೂರ್ಣವಾಗಿ ಹೋಗದಿದ್ದರೂ ಬಾಳು ಸಹನೀಯವಾಗುತ್ತದೆ.

ನರಳುವುದೇ ಪಾಪವೆಂಬ ಭಾವನೆಗೂ ಶಾಸ್ತ್ರದ ಬೆಂಬಲವಿಲ್ಲ. ವೇದನೆಯ ಚಿಂತನೆ ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದು ಎಂಬುದು ನಿಜ. ಆದರೆ ಅದು ಆರನೆಯ ಗುಣಸ್ಥಾನದ ಪ್ರಮತ್ತಸಂಯತ ಮುನಿಗೂ ಉಂಟಾಗಬಲ್ಲುದೆಂದು ಅದೇ ಸೂತ್ರಗ್ರಂಥ ಹೇಳುತ್ತದೆ. ಮುನಿಗೂ ತಪ್ಪದುದನ್ನು ಗೃಹಿಣಿಯ ದೋಷವೆಂದು ಎಣಿಸುವುದು ಅನ್ಯಾಯ. ಅಸಾತಾ ವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಸೂತ್ರಕಾರರು ದುಃಖ, ಶೋಕ, ತಾಪ ಮೊದಲಾದುವನ್ನು ಪರರಲ್ಲಿ ಉಂಟುಮಾಡುವುದರೊಂದಿಗೆ ತನ್ನಲ್ಲಿಯೇ ಉಂಟುಮಾಡಿಕೊಳ್ಳುವುದನ್ನೂ ಸೇರಿಸಿದ್ದಾರೆ. ಔಷಧವಿದ್ದೂ ಹಟದಿಂದ ನೋವನ್ನು ಉಳಿಸಿಕೊಂಡರೆ ನಿರ್ಜರೆಯಾಗುವುದೆಂಬ ನಂಬಿಕೆಗೆ ಈ ಸೂತ್ರ ಅಡ್ಡಬರುತ್ತದೆ. ಹಾಗಾದರೆ ಉಪವಾಸ, ಕೇಶಲೋಚಗಳ ಗತಿಯೇನೆಂಬ ಆಕ್ಷೇಪವನ್ನು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಎತ್ತಿಕೊಂಡು ವೈದ್ಯನ ದೃಷ್ಟಾಂತದಿಂದ ಉತ್ತರಿಸಿದ್ದಾರೆ. ಕರುಣೆಯಿಂದ ಮುನಿಯ ಕುರುವನ್ನು ಸೀಳುವ ವೈದ್ಯನಿಗೆ ನೋವುಂಟುಮಾಡಿದ ಪಾಪವಿಲ್ಲ. ಅಂತಃಪರಿಣಾಮವೇ ಮುಖ್ಯ ಎಂಬುದು ಅವರ ಅಭಿಪ್ರಾಯ. ಈ ಅಳತೆಗೋಲನ್ನು “ನಿಮ್ಮ ಕರ್ಮ” ಎನ್ನುವವರ ಮಾತಿಗೂ ಹಿಡಿದು ನೋಡಬೇಕು. ಆ ಮಾತಿನ ಹಿಂದೆ ಕರುಣೆಯಿದೆಯೇ, ಎದ್ದು ಬಿಸಿನೀರು ಕಾಯಿಸಿಕೊಡುವ ಶ್ರಮದಿಂದ ತಪ್ಪಿಸಿಕೊಳ್ಳುವ ಬಯಕೆಯಿದೆಯೇ? ಪರರ ಕರ್ಮದ ಲೆಕ್ಕವನ್ನು ತಪಾಸಣೆ ಮಾಡುವ ಸಾಮರ್ಥ್ಯ ಕೇವಲಿಗೆ ಮಾತ್ರ ಉಂಟು. ಶ್ರಾವಕನಿಗೆ ಉಳಿಯುವುದು ಉಪಚಾರದ ಹೊಣೆ.

ನಲವತ್ತೆಂಟು ನಿರ್ಯಾಪಕರು

ವಡ್ಡಾರಾಧನೆಯ ಕಥೆಗಳಿಗೆ ಮೂಲ ಶಿವಾರ್ಯರ ‘ಭಗವತೀ ಆರಾಧನಾ’ದ ಗಾಹೆಗಳು. ಮೂಲ ಮತ್ತು ಕನ್ನಡ ಕೃತಿಗಳನ್ನು ಎದುರುಬದುರು ಇಟ್ಟು ನೋಡಿದಾಗ ಒಂದು ಮಹತ್ತ್ವದ ಅಂತರ ಕಾಣುತ್ತದೆ. ಕನ್ನಡ ಕಥೆಗಾರನ ಆಸಕ್ತಿ ಏಕಾಕಿಯಾದ ಸಹನಶೀಲನಲ್ಲಿ. ಕಾಡಿನಲ್ಲಿ, ಸ್ಮಶಾನದಲ್ಲಿ ಒಬ್ಬನೇ ನಿಂತು ವೇದನೆಯನ್ನು ಗೆಲ್ಲುವವನೇ ಅವನ ನಾಯಕ. ಕಥೆಗೆ ಇದು ಒಪ್ಪುತ್ತದೆ. ಮೂಲಗ್ರಂಥವಾದರೋ ಸಲ್ಲೇಖನ ಕೈಗೊಂಡ ಕ್ಷಪಕನ ಸುತ್ತ ನಲವತ್ತೆಂಟು ಮಂದಿ ನಿರ್ಯಾಪಕರನ್ನು ನಿಲ್ಲಿಸುತ್ತದೆ. ನಾಲ್ವರು ಮೈಹಿಡಿದು ಏಳಿಸಲು, ಮಗ್ಗುಲು ಬದಲಿಸಲು. ನಾಲ್ವರು ಧರ್ಮಕಥೆ ಹೇಳಲು. ನಾಲ್ವರು ಆಹಾರಕ್ಕೆ, ನಾಲ್ವರು ಪಾನಕ್ಕೆ. ನಾಲ್ವರು ಮಲಮೂತ್ರ ಶುಚಿಗೊಳಿಸಲು. ನಾಲ್ವರು ರಾತ್ರಿ ಎಚ್ಚರವಿರಲು. ಹೀಗೆ ಕೆಲಸ ಹಂಚಿಕೆಯಾಗುತ್ತದೆ. ಅಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆ ಕಡಿಮೆಯಾಗಬಹುದು, ಆದರೆ ಇಬ್ಬರಾದರೂ ಇರಲೇಬೇಕು.

ಕಥೆಗಳು ಜನಪ್ರಿಯವಾದವು, ನಿರ್ಯಾಪಕರ ಪ್ರಕರಣ ವಿದ್ವಾಂಸರ ಕಪಾಟಿನಲ್ಲಿ ಉಳಿಯಿತು. ನೋವಿನ ವಿಷಯದಲ್ಲಿ ಸಮಾಜದ ದೃಷ್ಟಿ ಏಕಮುಖವಾದುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ. ಸಹಿಸುವವನ ಧೈರ್ಯ ಮನೆಮಾತಾಯಿತು, ಸಹಿಸಲು ನೆರವಾಗುವವರ ಕರ್ತವ್ಯ ಮರೆಯಾಯಿತು. ಕೆಲವು ವಾರಗಳ ಅಂತ್ಯಕಾಲಕ್ಕೆ ನಲವತ್ತೆಂಟು ಜನರ ವ್ಯವಸ್ಥೆಯನ್ನು ಹೇಳಿದ ಧರ್ಮ ಇಪ್ಪತ್ತು ವರ್ಷಗಳ ನೋವಿಗೆ ಯಾರೂ ಬೇಡವೆಂದು ಹೇಳಿರಲಾರದು. ಅಂತರಂಗ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನ, ಎಂದರೆ ರೋಗಿಯ, ಹೆಸರು ಪ್ರತ್ಯೇಕವಾಗಿಯೇ ಇದೆ. ಔಷಧದಾನಕ್ಕೆ ವೃಷಭಸೇನೆಯನ್ನು ಸಮಂತಭದ್ರರು ಉದಾಹರಿಸಿದ್ದಾರೆ. ರೋಗಿಯ ದೇಹವನ್ನು ಕಂಡು ಹೇಸದಿರುವ ನಿರ್ವಿಚಿಕಿತ್ಸೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು. ರೋಗಿಯ ಕೋಣೆಗೆ ಕಾಲಿಡದವನು ಬಸದಿಯಲ್ಲಿ ಎಷ್ಟು ಹೊತ್ತು ಕುಳಿತರೂ ಆ ಅಂಗ ಊನವಾಗಿಯೇ ಉಳಿಯುತ್ತದೆ.

ಟ್ರಸ್ಟುಗಳ ಹೊಣೆ

ಬಂದಳಿಕೆಯಿರುವ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಬಳ್ಳಿಗಾವೆಯಿದೆ. ಅಲ್ಲಿಯ ಕಾಳಾಮುಖರ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ವೇದಶಾಸ್ತ್ರಗಳ ಅಧ್ಯಯನದ ಜೊತೆಗೆ ದೀನರು, ಕುರುಡರು, ಕುಂಟರಿಗೆ ಅನ್ನ ನೀಡುವುದನ್ನೂ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಸುವುದನ್ನೂ, ಸಕಲ ಪ್ರಾಣಿಗಳಿಗೆ ಅಭಯವನ್ನೀಯುವುದನ್ನೂ ಹೇಳುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಜೈನರ ಚತುರ್ವಿಧದಾನವೇ ಅನ್ಯಮತದ ಮಠವೊಂದರಲ್ಲಿ ಆಚರಣೆಯಲ್ಲಿತ್ತು. ಇಂದು ಜೈನ ಟ್ರಸ್ಟುಗಳ ಆಯವ್ಯಯ ಪತ್ರಿಕೆಯಲ್ಲಿ ಪಂಚಕಲ್ಯಾಣ, ಪ್ರಭಾವಳಿ, ಅಮೃತಶಿಲೆಗಳಿಗೆ ಇರುವ ಕಲಮು ಔಷಧದಾನಕ್ಕೆ ಎಷ್ಟು ಕಡೆ ಇದೆಯೆಂದು ಪದಾಧಿಕಾರಿಗಳೇ ನೋಡಿಕೊಳ್ಳಬೇಕು.

ಮಾಡಬೇಕಾದುವು ದುಬಾರಿಯವಲ್ಲ. ಬಸದಿಯ ಮೆಟ್ಟಿಲಿಗೆ ಆಸರೆಯ ಕಂಬಿ, ಅಭಿಷೇಕದ ವೇಳೆ ನೆಲದಲ್ಲಿ ಕೂರಲಾರದವರಿಗೆ ಸಂಕೋಚವಿಲ್ಲದೆ ಬಳಸಬಹುದಾದ ಕುರ್ಚಿ, ತಿಂಗಳಿಗೊಮ್ಮೆ ವೈದ್ಯರ ಭೇಟಿ, ರೋಗಿಗಳ ಮನೆಗೆ ಸರದಿಯಂತೆ ಹೋಗುವ ಇಬ್ಬರು ಯುವಕರು. ವ್ರತಗಳ ವಿಷಯದಲ್ಲಿಯೂ ತಿಳಿವಳಿಕೆ ನೀಡಬೇಕು. ನೋವಿನ ಮಾತ್ರೆಗಳಲ್ಲಿ ಹಲವನ್ನು ಬರಿಹೊಟ್ಟೆಯಲ್ಲಿ ಸೇವಿಸಿದರೆ ಜಠರದಲ್ಲಿ ಹುಣ್ಣಾಗುವ, ನೀರಿಲ್ಲದ ಉಪವಾಸದಲ್ಲಿ ಸೇವಿಸಿದರೆ ಮೂತ್ರಪಿಂಡಕ್ಕೆ ಹಾನಿಯಾಗುವ ಭಯವಿದೆ. ರಾತ್ರಿಭೋಜನತ್ಯಾಗವನ್ನು ಪಾಲಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅನೇಕ ಔಷಧಗಳ ವೇಳೆಯನ್ನು ಬೆಳಗಿಗೂ ಸೂರ್ಯಾಸ್ತದ ಮೊದಲಿಗೂ ಹೊಂದಿಸಲು ಸಾಧ್ಯ. ಹೊಂದಿಸಲಾಗದಿದ್ದರೆ ಗುರುಗಳಲ್ಲಿ ಕೇಳಬೇಕೇ ವಿನಾ ಔಷಧವನ್ನು ಗುಟ್ಟಾಗಿ ಬಿಡಬಾರದು. ಸಮಂತಭದ್ರರೂ ಗುರುಗಳನ್ನು ಕೇಳಿದವರೇ.

ಈ ದಾನ ಸಮಾಜದ ಗಡಿಯೊಳಗೇ ನಿಲ್ಲಬೇಕಾದುದೂ ಅಲ್ಲ. ಸೊರಬಕ್ಕೆ ಹೊಂದಿಕೊಂಡಿರುವ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಗುರುತಿಸಲ್ಪಟ್ಟ ಕಾಯಿಲೆ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬಡ ಕೂಲಿಕಾರ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಈ ಕಾಯಿಲೆ ಸೊಂಟದ ಮತ್ತು ಮಂಡಿಯ ಕೀಲುಗಳನ್ನು ಸವೆಸಿ, ನಡೆಯಲಾರದ ಸ್ಥಿತಿಗೆ ತರುತ್ತದೆ. ಅದನ್ನು ಬೇರುಸಹಿತ ಕೀಳುವ ಔಷಧವಿಲ್ಲ, ನೋವಿನ ಶಮನ ಮಾತ್ರ ಸಾಧ್ಯ. ಸಾವಿರ ವರ್ಷಗಳ ಹಿಂದೆ ಜೈನರು ಬಸದಿಗಳನ್ನು ಕಟ್ಟಿದ ಈ ಸೀಮೆಯಲ್ಲಿ ಔಷಧದಾನಕ್ಕೆ ಪಾತ್ರರಿಲ್ಲವೆಂದು ಹೇಳುವಂತಿಲ್ಲ.

ಜಕ್ಕಿಯಬ್ಬೆಯ ಧೈರ್ಯಕ್ಕೂ ಸನತ್ಕುಮಾರನ ಸಹನೆಗೂ ಈ ವಿಮರ್ಶೆಯಿಂದ ಕುಂದಿಲ್ಲ. ನೋವನ್ನು ಅನುಭವಿಸುವವರು ತಮಗೆ ತಾವೇ ಹೇಳಿಕೊಂಡಾಗ ಅವು ಬಲವನ್ನು ಕೊಡುವ ಕಥೆಗಳು. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಎರಡು ಗಳಿಗೆಯ ಸಾಮಾಯಿಕದಲ್ಲಿ ಅಭ್ಯಾಸ ಮಾಡಿದವರಿಗೆ ನೋವಿನ ನಡುವೆಯೂ ಒಂದು ನೆಲೆ ದೊರೆಯುತ್ತದೆ. ಆದರೆ ಆ ಅಭ್ಯಾಸಕ್ಕೆ ಕುಳಿತವರ ಬೆನ್ನಿಗೆ ಒಂದು ದಿಂಬನ್ನು ಇಡಬೇಕಾದುದು ಪಕ್ಕದಲ್ಲಿರುವವರ ಧರ್ಮ. ಸಹನೆಯ ಪಾಠ ರೋಗಿಗೆ, ಸೇವೆಯ ಪಾಠ ಉಳಿದವರಿಗೆ. ಈ ಎರಡು ಪಾಠಗಳನ್ನು ಅದಲುಬದಲು ಮಾಡದೆ ಓದುವ ಮನೆಯಲ್ಲಿ ನೋವು ಉಳಿದರೂ ಬಾಳು ಕೆಡುವುದಿಲ್ಲ.